ಕಸದ ಕುಲುಮೆ ಮತ್ತು ನಗರದ ಉಸಿರು

ಕಸದಿಂದ ವಿದ್ಯುತ್ತು ಎಂಬ ಘೋಷಣೆಗೆ ವಿಚಿತ್ರವಾದ ಮೋಹಕಶಕ್ತಿಯಿದೆ. ಬೇಡವಾದದ್ದು ಬೂದಿಯಾಗಿ, ಬೇಕಾದದ್ದು ತಂತಿಯಲ್ಲಿ ಹರಿದುಬರುವುದಾದರೆ ಯಾರಿಗೆ ತಾನೇ ಬೇಡ? ಆದರೆ ದೆಹಲಿಯಲ್ಲಿ ನೆಲೆಸಿರುವ ನಮಗೆ ಈ ಮಾತು ಹೊಸದಲ್ಲ. 1987ರಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನವನ್ನು ತಂದು, ದಿನಕ್ಕೆ 300 ಟನ್ ಕಸ ಸುಟ್ಟು 3.75 ಮೆಗಾವಾಟ್ ವಿದ್ಯುತ್ ಪಡೆಯಲು ತಿಮಾರ್‌ಪುರದಲ್ಲಿ ಕಟ್ಟಿದ ಸ್ಥಾವರವು ಹೆಚ್ಚು ಕಾಲ ನಡೆಯಲಿಲ್ಲ. ಯಂತ್ರಕ್ಕೆ ಬೇಕಾಗಿದ್ದ ಶಾಖ ನಮ್ಮ ಕಸದಲ್ಲಿರಲಿಲ್ಲ. ಕಾಗದ, ಪ್ಲಾಸ್ಟಿಕ್‌ಗಳನ್ನು ಚಿಂದಿ ಆಯುವವರು ಮೊದಲೇ ಹೆಕ್ಕಿ ಒಯ್ದಿರುತ್ತಾರೆ. ಉಳಿಯುವುದು ತರಕಾರಿಯ ಸಿಪ್ಪೆ, ಮಣ್ಣು ಮತ್ತು ನೀರು.

ಕಸವನ್ನು ವಿಂಗಡಿಸಿ, ಒಣಗಿಸಿ, ಚೂರುಮಾಡಿ ಇಂಧನವಾಗಿಸುವ ವಿಧಾನ ಈ ಕೊರತೆಯನ್ನು ನೀಗಿಸಬಲ್ಲದು. ಆದರೆ ಇಲ್ಲಿಯೇ ಪರಿಸರ ಎಂಜಿನಿಯರನ ನಿಜವಾದ ಪ್ರಶ್ನೆ ಆರಂಭವಾಗುತ್ತದೆ. ಒದ್ದೆ ಕಸ ಬೆರೆತರೆ ಕುಲುಮೆಯ ತಾಪ ಏರಿಳಿಯುತ್ತದೆ, ಪಿ.ವಿ.ಸಿ. ಬೆರೆತರೆ ಕ್ಲೋರಿನ್ ಬಿಡುಗಡೆಯಾಗುತ್ತದೆ. ಹೊಗೆ ತಣಿಯುವಾಗ ಡಯಾಕ್ಸಿನ್ ಎಂಬ ಘೋರ ವಿಷ ಮರಳಿ ಹುಟ್ಟಬಹುದು. 2016ರ ಘನತ್ಯಾಜ್ಯ ನಿಯಮಾವಳಿ ಇದಕ್ಕೆ ಘನಮೀಟರಿಗೆ 0.1 ನ್ಯಾನೋಗ್ರಾಂ ಎಂಬ ಕಟ್ಟುನಿಟ್ಟಿನ ಮಿತಿಯನ್ನು ವಿಧಿಸಿತು. ಧೂಳನ್ನು ಉಪಕರಣವೊಂದು ನಿರಂತರವಾಗಿ ಅಳೆಯಬಲ್ಲದು. ಡಯಾಕ್ಸಿನ್‌ಗೆ ಮಾತ್ರ ಮಾದರಿ ಸಂಗ್ರಹಿಸಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಎರಡು ಪರೀಕ್ಷೆಗಳ ನಡುವಣ ದಿನಗಳಲ್ಲಿ ಚಿಮಣಿಯಿಂದ ಹೊರಬಿದ್ದುದಕ್ಕೆ ಸಾಕ್ಷಿ ಯಾರು?

ಬೀದಿಯಲ್ಲಿ ಸುಡುವುದಕ್ಕಿಂತ ಕುಲುಮೆಯೇ ಮೇಲಲ್ಲವೇ ಎಂದು ಸಮರ್ಥಕರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಅಜಯ್ ನಾಗಪುರೆ ಮತ್ತು ಸಹಸಂಶೋಧಕರು ಬೀದಿಗಳಲ್ಲಿ ನಡೆದು ಎಣಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೆಹಲಿಯ ಬಯಲಿನಲ್ಲಿ ದಿನಕ್ಕೆ 190ರಿಂದ 246 ಟನ್ ಕಸ ಉರಿಯುತ್ತಿತ್ತು. ಅದೂ ಬಡವರ ಬಡಾವಣೆಗಳಲ್ಲಿ ಹೆಚ್ಚು. ಆದರೆ ಈ ಸಂಶೋಧನೆಯಿಂದ ನಾನು ಕಲಿಯುವ ಪಾಠ ಬೇರೆ. ಆ ಬೆಂಕಿಗಳು ಉರಿಯುವುದು ಕಸದ ಗಾಡಿ ಸರಿಯಾಗಿ ತಲುಪದೆಡೆಯಲ್ಲಿ. ದೂರದಲ್ಲೊಂದು ಸ್ಥಾವರ ಎದ್ದ ಮಾತ್ರಕ್ಕೆ ಅವು ಆರುವುದಿಲ್ಲ. ಗಾಡಿ ಬಂದರೆ ಮಾತ್ರ ಆರುತ್ತವೆ.

ಓಖ್ಲಾದ ಸ್ಥಾವರ 2012ರಲ್ಲಿ ಆರಂಭವಾಗುವ ಮುನ್ನವೇ, 2009ರಲ್ಲಿ, ಸುಖದೇವ ವಿಹಾರದ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದ್ದರು. ಅವರನ್ನು ಪ್ರಗತಿವಿರೋಧಿಗಳೆಂದು ಕರೆಯುವುದು ಸುಲಭ. ಆದರೆ ಆ ಗಾಳಿಯನ್ನು ಉಸಿರಾಡುವವರು ಅವರೇ.

ನಾನು ತಂತ್ರಜ್ಞಾನದ ವಿರೋಧಿಯಲ್ಲ. ಮರುಬಳಕೆಗೆ ಬಾರದ ಒಣ ಕಸಕ್ಕೆ, ಸುಮಾರು 1450 ಡಿಗ್ರಿ ತಾಪದಲ್ಲಿ ಕೆಲಸಮಾಡುವ ಸಿಮೆಂಟ್ ಗೂಡುಗಳಲ್ಲಿ, ಕಟ್ಟುನಿಟ್ಟಾದ ನಿಗಾದಡಿ, ಒಂದು ಸ್ಥಾನವಿರಬಹುದು. ಆದರೆ ಮೊದಲು ಮನೆಯಲ್ಲೇ ವಿಂಗಡಣೆಯಾಗಲಿ. ಚಿಂದಿ ಆಯುವವರ ಜೀವನೋಪಾಯ ಉಳಿಯಲಿ. ಡಯಾಕ್ಸಿನ್ ಪರೀಕ್ಷೆಯ ಪ್ರತಿಯೊಂದು ಫಲಿತಾಂಶವೂ ನೆರೆಹೊರೆಯವರ ಭಾಷೆಯಲ್ಲಿ ಸ್ಥಾವರದ ಬಾಗಿಲಲ್ಲೇ ಪ್ರಕಟವಾಗಲಿ. ಇವು ಮೂರೂ ಇಲ್ಲದೆಡೆ ಕಸ ನಾಶವಾಗುವುದಿಲ್ಲ. ನೆಲದಿಂದೆದ್ದು ಗಾಳಿ ಸೇರುತ್ತದೆ, ಅಷ್ಟೆ.