ಸೂಪರ್ ಗ್ಲೂ ಜೊತೆ ಅಡುಗೆ ಸೋಡ ಹಾಕಿದರೆ ಮುರಿದ ಆರ್‌ಸಿ ವಿಮಾನ ಮತ್ತೆ ಗಟ್ಟಿಯಾಗುತ್ತಾ?

ಒಡೆದ ಬಕೆಟ್, ಕುರ್ಚಿಯ ಕಾಲು, ಕನ್ನಡಕದ ಕಡ್ಡಿ, ಏನೇ ಇರಲಿ, ಬಿರುಕಿನ ಮೇಲೆ ಒಂದು ಚಿಟಿಕೆ ಅಡುಗೆ ಸೋಡ ಉದುರಿಸಿ ಎರಡು ಹನಿ ಸೂಪರ್ ಗ್ಲೂ ಬಿಟ್ಟರೆ ಸಾಕು, ಕಬ್ಬಿಣಕ್ಕಿಂತ ಗಟ್ಟಿ! ಇಂಥ ವಿಡಿಯೊ ನಿಮಗೂ ಬಂದಿರಬಹುದು. ಸೆಕೆಂಡ್ ಹ್ಯಾಂಡ್ ರಿಮೋಟ್ ಕಂಟ್ರೋಲ್ ವಿಮಾನ ಕೊಂಡವರಲ್ಲೂ ಈ ಉಪಾಯ ನಂಬುವವರಿದ್ದಾರೆ. ಹಳೆಯ ವಿಮಾನವೆಂದ ಮೇಲೆ ಎಲ್ಲೋ ಒಂದು ಕಡೆ ಮುರಿದಿರುತ್ತದೆ, ಕೈಗೆ ಸುಲಭವಾಗಿ ಸಿಗುವುದು ಈ ಎರಡೇ ವಸ್ತು.

ವಿಡಿಯೊದಲ್ಲಿ ತೋರಿಸುವುದು ಸುಳ್ಳಲ್ಲ. ಆ ಮಿಶ್ರಣ ಕಲ್ಲಿನಂತೆ ಆಗುವುದು ನಿಜ. ಆದರೆ ರೆಕ್ಕೆಗೆ ಬೇಕಾದದ್ದು ಕಲ್ಲಿನ ಗುಣವಲ್ಲ.

ಆಟಿಕೆ ತಾನೇ, ಮುರಿದರೆ ಮುರಿಯಲಿ ಎನ್ನುವ ಹಾಗೂ ಇಲ್ಲ. ಒಂದೂವರೆ ಕಿಲೋ ತೂಕದ ವಿಮಾನ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಂದು ಬಡಿದರೆ, ಅಷ್ಟೇ ತೂಕದ ಕಲ್ಲು 14 ಮೀಟರ್ ಎತ್ತರದಿಂದ, ಅಂದರೆ ಸುಮಾರು ನಾಲ್ಕು ಮಹಡಿ ಕಟ್ಟಡದ ತಾರಸಿಯಿಂದ ಬಿದ್ದಷ್ಟು ಪೆಟ್ಟು. ಮುಂದೆ ತಿರುಗುವ ಪ್ರೊಪೆಲ್ಲರ್ ಬೇರೆ. ಆಕಾಶದಲ್ಲಿ ರೆಕ್ಕೆ ಕಳಚಿದರೆ ರಿಮೋಟ್ ಹಿಡಿದವರು ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಆಟದ ಮೈದಾನದ ಅಂಚಿನಲ್ಲಿ ಮಕ್ಕಳು ನಿಂತಿರುತ್ತಾರೆ.

ಸೋಡ ಮಾಡುವ ಕೆಲಸವೇನು?

ಸೂಪರ್ ಗ್ಲೂನಲ್ಲಿರುವುದು ಸಯನೊಅಕ್ರಿಲೇಟ್. ಗಾಳಿಯಲ್ಲಿರುವ, ವಸ್ತುವಿನ ಮೇಲಿರುವ ತೇವ ತಗುಲಿದರೆ ಇದರ ಸಣ್ಣ ಅಣುಗಳು ಒಂದಕ್ಕೊಂದು ಕೈಹಿಡಿದು ಉದ್ದದ ಸರಪಳಿಯಾಗುತ್ತವೆ. ಅಡುಗೆ ಸೋಡ ಕ್ಷಾರೀಯ, ಹಾಗಾಗಿ ಈ ಕೆಲಸವನ್ನು ಕ್ಷಣಗಳಲ್ಲಿ ಮುಗಿಸಿಬಿಡುತ್ತದೆ. ಸೋಡದ ಕಣಗಳು ಅಂಟಿನ ನಡುವೆ ಜಲ್ಲಿಯಂತೆ ಕೂತು ಸಂದು ತುಂಬುತ್ತವೆ. ಜೊತೆಗೆ ಬಿಸಿಯೂ ಏಳುತ್ತದೆ, ಕಣ್ಣು ಉರಿಸುವ ಹೊಗೆಯೂ ಬರುತ್ತದೆ.

ಸಣ್ಣ ಗುಂಡಿ ಮುಚ್ಚಲು, ಸ್ಕ್ರೂ ತೂತು ತುಂಬಲು ಇದು ಒಳ್ಳೆಯ ಉಪಾಯವೇ. ಆದರೆ ಹೀಗೆ ಗಟ್ಟಿಯಾದದ್ದು ಬಾಗುವುದಿಲ್ಲ, ಚಟ್ಟನೆ ಒಡೆಯುತ್ತದೆ. ರೆಕ್ಕೆಯೋ, ಹಾರುವಷ್ಟು ಹೊತ್ತೂ ಬಾಗುತ್ತಲೇ ಇರುತ್ತದೆ. ಬಾಗುವ ಮರದ ನಡುವೆ ಬಾಗದ ಒಂದು ಗಂಟು ಇದ್ದರೆ ಎಳೆತವೆಲ್ಲ ಆ ಗಂಟಿನ ಅಂಚಿಗೆ ಬಂದು ಸೇರುತ್ತದೆ. ರಿಪೇರಿ ಮಾಡಿದ ಜಾಗ ಹಾಗೇ ಇದ್ದು ಪಕ್ಕದಲ್ಲೇ ಹೊಸದಾಗಿ ಮುರಿಯುವುದು ಇದರಿಂದಲೇ.

ಫಾರ್ವರ್ಡ್‌ಗಳು ಹೇಳದ ಇನ್ನೆರಡು ಮಾತು. ಸಾಮಾನ್ಯ ಸೂಪರ್ ಗ್ಲೂ ಥರ್ಮಕೋಲನ್ನು ಕರಗಿಸಿಬಿಡುತ್ತದೆ. ಆ ಬಗೆಯ ಫೋಮ್ ವಿಮಾನಕ್ಕೆ ಫೋಮ್‌ಗೆಂದೇ ಸಿಗುವ ಅಂಟು ಬೇಕು. ಎರಡನೆಯದು, ಚೆಲ್ಲಿದ ಸೂಪರ್ ಗ್ಲೂವನ್ನು ಹತ್ತಿಯಿಂದ ಒರೆಸಬೇಡಿ. ಹತ್ತಿಗೆ ತಾಗಿದರೆ ಚರ್ಮ ಸುಡುವಷ್ಟು ಬಿಸಿಯಾಗಬಹುದು.

ರೆಕ್ಕೆಯ ಮೇಲೆ ಬೀಳುವ ಭಾರ

ಒಂದು ಸಣ್ಣ ಲೆಕ್ಕ ಮಾಡೋಣ. ವಿಮಾನ ಒಂದೂವರೆ ಕಿಲೋ, ರೆಕ್ಕೆಯ ಉದ್ದ ತುದಿಯಿಂದ ತುದಿಗೆ 140 ಸೆಂ.ಮೀ. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆ ಹೊರಬೇಕಾದ ಭಾರ ಎರಡರಷ್ಟು, ಅಂದರೆ ಮೂರು ಕಿಲೋ. ಒಂದೊಂದು ಬದಿಗೆ ಒಂದೂವರೆ ಕಿಲೋ. ಈ ಭಾರ ನಡುವಿನಿಂದ ಸುಮಾರು 33 ಸೆಂ.ಮೀ. ದೂರದಲ್ಲಿ ಕೂತಿದೆ ಎಂದುಕೊಳ್ಳಿ. ರೆಕ್ಕೆಯೊಳಗೆ ಉದ್ದಕ್ಕೂ ಓಡುವ ತೊಲೆಗೆ ಸ್ಪಾರ್ ಎನ್ನುತ್ತಾರೆ. ಅದರ ಮೇಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ ನಡುವೆ ಎರಡೇ ಸೆಂ.ಮೀ. ಅಂತರವಿದ್ದರೆ, ರೆಕ್ಕೆಯ ಬುಡದಲ್ಲಿ ಕೆಳಗಿನ ಪಟ್ಟಿಯನ್ನು ಸುಮಾರು 25 ಕಿಲೋ ಬಲ ಎಳೆಯುತ್ತದೆ, ಮೇಲಿನದನ್ನು ಅಷ್ಟೇ ಬಲ ಒತ್ತುತ್ತದೆ. ಒಂದು ಅಕ್ಕಿ ಮೂಟೆಯನ್ನು ಬೆರಳಿಗಿಂತ ತೆಳುವಾದ ಕಡ್ಡಿಗೆ ನೇತುಹಾಕಿದ ಹಾಗೆ. ಡೈವ್ ಹೊಡೆದು ಮೇಲೆತ್ತಿದರೆ ಇನ್ನೂ ಹೆಚ್ಚು.

ಆದ್ದರಿಂದ ಯಾವ ಅಂಟು ಎನ್ನುವುದಕ್ಕಿಂತ ಹೇಗೆ ಸೇರಿಸಿದ್ದೀರಿ ಎನ್ನುವುದು ಮುಖ್ಯ. ಮುರಿದ ಎರಡು ತುದಿಗಳನ್ನು ಮುಖಾಮುಖಿ ಇಟ್ಟು ಅಂಟಿಸಿದರೆ ಅಂಟಿಗೆ ಸಿಗುವ ಜಾಗ ಬೆರಳುಗುರಿನಷ್ಟೂ ಇಲ್ಲ. ಅದೇ ಎರಡೂ ತುದಿಗಳನ್ನು ಓರೆಯಾಗಿ ಉದ್ದಕ್ಕೆ ಕತ್ತರಿಸಿ ಒಂದರ ಮೇಲೊಂದು ಕೂರಿಸಿದರೆ ಜಾಗ ಹತ್ತು ಪಟ್ಟಾಗುತ್ತದೆ. ಮನುಷ್ಯರು ಕೂತು ಹಾರುವ ಮರದ ವಿಮಾನಗಳ ರಿಪೇರಿಯಲ್ಲೂ ಈ ಓರೆ 1:10ರಿಂದ 1:12. ಆರು ಮಿ.ಮೀ. ದಪ್ಪದ ಸ್ಪಾರ್‌ಗೆ 60ರಿಂದ 72 ಮಿ.ಮೀ. ಉದ್ದದ ಓರೆ ಎಂದಾಯಿತು. ಓರೆ ಮಾಡಲು ಮರ ಸಾಲದಿದ್ದರೆ ಪಕ್ಕಕ್ಕೆ ಮತ್ತೊಂದು ಪಟ್ಟಿ ಕೊಡಬಹುದು. ಮರದ ಎಳೆ ರೆಕ್ಕೆಯ ಉದ್ದಕ್ಕೇ ಇರಲಿ, ಪಟ್ಟಿ ಬಿರುಕನ್ನು ದಾಟಿ ಎರಡೂ ಕಡೆ ಗಟ್ಟಿ ಮರದವರೆಗೆ ಹೋಗಲಿ, ತುದಿಗಳನ್ನು ಸಪೂರ ಮಾಡಿ.

ಹೀಗೆ ಚೆನ್ನಾಗಿ ಕೂರಿಸಿ, ಒತ್ತಿ ಹಿಡಿದು, ರಾತ್ರಿಯಿಡೀ ಬಿಟ್ಟರೆ ಬಡಗಿಗಳು ಬಳಸುವ ಬಿಳಿ ಅಂಟೇ ಸಾಕು. ಬಾಲ್ಸಾ ಮರ ಅಷ್ಟು ಹಗುರ, ಅಷ್ಟು ಮೆದು. ಮತ್ತೆ ಎಳೆದರೆ ಹರಿಯುವುದು ಮರ, ಅಂಟಲ್ಲ. (ಬಾಲ್ಸಾ ಎಂದರೆ ಆಟಿಕೆ ಮರ ಎಂದುಕೊಳ್ಳಬೇಡಿ. ಎರಡನೇ ಮಹಾಯುದ್ಧದ ಬ್ರಿಟಿಷ್ ವಿಮಾನ ‘ಮಾಸ್ಕಿಟೊ’ದ ಒಡಲು ಪ್ಲೈವುಡ್ ನಡುವೆ ಬಾಲ್ಸಾ ಇಟ್ಟು ಮಾಡಿದ್ದೇ.)

ಕೊಳ್ಳುವಾಗಲೇ ನೋಡಬೇಕಾದ್ದು

‘ಒಂದೇ ಸಲ ಬಿದ್ದಿದೆ, ಅದೂ ಮೆತ್ತಗೆ’ ಎಂದು ಹೇಳಿ ಮಾರುವುದು ವಾಡಿಕೆ. ಹೊರಗಿನ ಬಣ್ಣದ ಪ್ಲಾಸ್ಟಿಕ್ ಹೊದಿಕೆ ಎಲ್ಲವನ್ನೂ ಮುಚ್ಚಿಡುತ್ತದೆ. ರೆಕ್ಕೆಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬಾಗಿಸಿ, ತಿರುಚಿ. ಎಡ, ಬಲ ಎರಡೂ ಒಂದೇ ರೀತಿ ಬಾಗಬೇಕು. ಒಂದೇ ಜಾಗದಲ್ಲಿ ಹೊದಿಕೆ ಸುಕ್ಕುಗಟ್ಟಿದರೆ ಅಥವಾ ಚಿಟಿಚಿಟಿ ಸದ್ದು ಬಂದರೆ ಒಳಗೆ ಬಿರುಕಿದೆ ಎಂದು ಅನುಮಾನಿಸಿ, ಅಲ್ಲಿ ಹೊದಿಕೆ ಕತ್ತರಿಸಿ ನೋಡಲೇಬೇಕು. ಮೊಬೈಲ್ ಟಾರ್ಚನ್ನು ಒಡಲೊಳಗೆ ಬಿಟ್ಟರೂ ಬಹಳಷ್ಟು ಕಾಣುತ್ತದೆ.

ಎಂಜಿನ್ ಇರುವ ಹಳೆಯ ವಿಮಾನಗಳಲ್ಲಿ ಬೇರೆಯದೇ ತೊಂದರೆ. ಅವುಗಳ ಇಂಧನ ಮೆಥನಾಲ್, ಅದರ ಜೊತೆ ಎಣ್ಣೆ. ಎಷ್ಟೋ ಸಲ ನಮ್ಮ ಹರಳೆಣ್ಣೆಯೇ! ವರ್ಷಗಟ್ಟಲೆ ಎಣ್ಣೆ ಕುಡಿದ ಮೂತಿಯ ಹಲಗೆಗೆ ಯಾವ ಅಂಟೂ ಹಿಡಿಯುವುದಿಲ್ಲ. ಎಂಜಿನ್ ಹಿಡಿದಿರುವುದು ಅದೇ ಹಲಗೆ. ಮರ ಕಪ್ಪಾಗಿ ಮೆತ್ತಗಾಗಿದ್ದರೆ ಕತ್ತರಿಸಿ ಹೊಸದು ಹಾಕುವುದೇ ಸರಿ.

ಇನ್ನು ‘ಜಾಸ್ತಿ ಅಂಟು ಹಾಕಿದಷ್ಟೂ ಭದ್ರ’ ಎನ್ನುವ ನಂಬಿಕೆ. ಬಾಲ ಮುರಿದಿದೆ ಎಂದು ಅಲ್ಲಿ 20 ಗ್ರಾಂ ಎಪಾಕ್ಸಿ ಮೆತ್ತಿದಿರಿ ಎನ್ನೋಣ. ಗುರುತ್ವ ಕೇಂದ್ರದಿಂದ ಮೂತಿಗಿರುವ ದೂರಕ್ಕಿಂತ ಬಾಲಕ್ಕಿರುವ ದೂರ ಮೂರು ಪಟ್ಟಿದ್ದರೆ, ಸಮತೂಕಕ್ಕೆ ಮೂತಿಯಲ್ಲಿ 60 ಗ್ರಾಂ ಸೀಸ ಇಡಬೇಕು. ಇಡದಿದ್ದರೆ ಬಾಲ ಭಾರವಾಗಿ, ಎತ್ತಿಕೊಂಡ ಕೂಡಲೇ ವಿಮಾನ ಕೈ ತಪ್ಪುತ್ತದೆ. ರಿಪೇರಿಯಾದ ಮೇಲೆ ಗುರುತ್ವ ಕೇಂದ್ರವನ್ನು ಮತ್ತೆ ನೋಡದೆ ಹಾರಿಸಬೇಡಿ.

ಜಜ್ಜಿಹೋದ ಫೋಮ್ ಮೂತಿಗೆ ಬಿಸಿನೀರು ಹಾಕಿದರೆ ಉಬ್ಬುತ್ತದೆ ಎನ್ನುವುದು ಅರ್ಧ ನಿಜ. ಕೆಲವು ಬಗೆಯ ಫೋಮ್‌ನಲ್ಲಿ ತಗ್ಗು ಮೇಲೇಳುತ್ತದೆ, ಆದರೆ ಹರಿದದ್ದು ಕೂಡುವುದಿಲ್ಲ.

ಹಾರಿಸುವ ಮುಂಚೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಬ್ಯಾಟರಿ ಸಮೇತ ಎಲ್ಲ ಜೋಡಿಸಿ, ಪ್ಲಗ್ ಮಾತ್ರ ಹಾಕದೆ, ಇಬ್ಬರು ಸೇರಿ ವಿಮಾನವನ್ನು ರೆಕ್ಕೆಯ ಎರಡು ತುದಿಗಳಿಂದ ನಿಧಾನವಾಗಿ ಮೇಲೆತ್ತಿ. ಕೆಳಗೆ ಒಂದು ಹಾಸಿಗೆ ಇರಲಿ. ರೆಕ್ಕೆಯ ಬುಡಕ್ಕೆ ಆಗ ಬೀಳುವ ಒತ್ತಡ ಹೆಚ್ಚುಕಡಿಮೆ ಆ 60 ಡಿಗ್ರಿ ತಿರುವಿನಷ್ಟೇ. ಅಲ್ಲೇ ಸದ್ದು ಬಂದರೆ ಹಾಸಿಗೆಯ ಮೇಲೆ ಬೀಳುತ್ತದೆ, ಯಾರ ತಲೆಯ ಮೇಲೂ ಅಲ್ಲ.