ಬೇರೆ ಥರ ಇದ್ರೆ ಖೋಟಾನೇ ಅಂತೇನಿಲ್ಲ

ನೋಟು ಕೂಡಿಡೋ ಹುಚ್ಚಿರೋರ ಬಗ್ಗೆ ನಮ್ಮ ಶಿವಮೊಗ್ಗ-ಭದ್ರಾವತಿ ಕಡೆ ಎರಡೇ ಅಭಿಪ್ರಾಯ. ಒಂದು, "ಮಾಡೋಕೆ ಬೇರೆ ಕೆಲಸ ಇಲ್ಲ". ಇನ್ನೊಂದು, "ಹಳೇ ನೋಟು ಮಾರಿ ಲಕ್ಷಾಧೀಶ್ವರ ಆಗೋ ಪ್ಲಾನು". ಎರಡೂ ಸರಿಯಲ್ಲ ಅನ್ನೋದು ನನ್ನ ವಾದ. ನೋಟನ್ನು ಹಿಂದೆ ಮುಂದೆ ತಿರುಗಿಸಿ, ಇದು ಯಾವ ಮುದ್ರಣದ್ದು ಅಂತ ಗುರುತಿಸೋದು ದಿನಾ ದುಡ್ಡು ಮುಟ್ಟೋ ಎಲ್ಲರಿಗೂ ಬೇಕಾದ ಅಕ್ಷರಜ್ಞಾನ.

ಹೌದು, ಅಕ್ಷರಜ್ಞಾನವೇ. ಪರ್ಸಿನಿಂದ ಒಂದು ಐನೂರರ ನೋಟು ತೆಗೀರಿ. ನಂಬರಿನ ಹಿನ್ನೆಲೆಯಲ್ಲಿ ಚಿಕ್ಕದಾಗಿ ಒಂದು ಇಂಗ್ಲಿಷ್ ಅಕ್ಷರ ಇದ್ಯಾ ನೋಡಿ. ಇದಕ್ಕೆ ಇನ್‌ಸೆಟ್ ಲೆಟರ್ ಅಂತಾರೆ. ಕೆಲವು ನೋಟುಗಳಲ್ಲಿ ಅದು ಇರೋದೇ ಇಲ್ಲ. ಗವರ್ನರ್ ಸಹಿ ಯಾರದ್ದು, ಹಿಂಬದಿಯ ಕೆಳಗೆ ಯಾವ ಇಸವಿ, ನಂಬರಿನ ಮಧ್ಯೆ ನಕ್ಷತ್ರ ಇದ್ಯಾ ಅಂತಾನೂ ನೋಡಬೇಕು. ಮುಖಬೆಲೆ, ಸಹಿ, ಇಸವಿ ಎಲ್ಲಾ ಒಂದೇ ಆಗಿದ್ದು ಅಕ್ಷರ ಮಾತ್ರ ಬೇರೆ ಇದ್ರೂ ಸಂಗ್ರಾಹಕರ ಲೆಕ್ಕದಲ್ಲಿ ಅದು ಬೇರೆ ನೋಟು. ನಮ್ಮ ಸಾಫ್ಟ್‌ವೇರ್ ಭಾಷೇಲಿ ಹೇಳೋದಾದ್ರೆ ವರ್ಷನ್ ಒಂದೇ, ಬಿಲ್ಡ್ ಬೇರೆ :)

ನಮ್ಮ ನೋಟುಗಳು ನಾಸಿಕ್, ದೇವಾಸ್, ಮೈಸೂರು, ಸಾಲ್ಬೋನಿ ಈ ನಾಲ್ಕು ಕಡೆ ಅಚ್ಚಾಗುತ್ತವೆ. ಮೈಸೂರಿನದು ಮತ್ತು ಪಶ್ಚಿಮ ಬಂಗಾಳದ ಸಾಲ್ಬೋನಿಯದು, ರಿಸರ್ವ್ ಬ್ಯಾಂಕ್ 1995ರಲ್ಲಿ ಶುರು ಮಾಡಿದ ಸಂಸ್ಥೆಗೆ ಸೇರಿದ್ದು. ನಾಣ್ಯದಲ್ಲಿ ಟಂಕಸಾಲೆಯ ಗುರುತು ಇರುತ್ತೆ: ಇಸವಿಯ ಕೆಳಗೆ ವಜ್ರದಾಕಾರ ಇದ್ರೆ ಮುಂಬೈ, ನಕ್ಷತ್ರ ಇದ್ರೆ ಹೈದರಾಬಾದ್, ಚುಕ್ಕೆ ಇದ್ರೆ ನೋಯ್ಡಾ, ಏನೂ ಇಲ್ದಿದ್ರೆ ಕೋಲ್ಕತ್ತ. ನೋಟಿನ ಮೇಲೆ ಹಾಗೆ ಊರಿನ ಗುರುತು ಇಲ್ಲ. ಸಂಗ್ರಾಹಕರು ಅಕ್ಷರ ಹಿಡ್ಕೊಂಡು ಊರು ಹೇಳ್ತಾರೆ, ಮಜಾ ಇರೋದೇ ಅಲ್ಲಿ. ಆದ್ರೆ ಊಹೆಯನ್ನು ಊಹೆ ಅಂತಲೇ ಹೇಳಬೇಕು. "ಇದು ಗ್ಯಾರಂಟಿ ಮೈಸೂರಿಂದು" ಅಂತ ಬೆಲೆ ಏರಿಸಿ ಮಾರೋದು ನನಗೆ ಸರಿ ಕಾಣಲ್ಲ.

ಇದನ್ನೆಲ್ಲ ತಿಳ್ಕೊಂಡು ಏನುಪಯೋಗ ಅಂತೀರಾ? 2016ರ ನವೆಂಬರಿನಲ್ಲಿ ಬಂದ ಹೊಸ ಐನೂರರ ನೋಟಿನಲ್ಲಿ 'ಇ' ಅಕ್ಷರ ಇತ್ತು. 2017ರ ಜೂನ್‌ನಲ್ಲಿ 'ಎ' ಅಕ್ಷರದ್ದು ಬಂತು. ಅದೇ ಆಗಸ್ಟ್‌ನಲ್ಲಿ ರಾಜ್ಯಸಭೆಯಲ್ಲೇ ಎರಡು ಥರದ ಐನೂರರ ನೋಟು ಇವೆ ಅಂತ ದೊಡ್ಡ ಗಲಾಟೆ ಆಯ್ತು. 2023ರ ಜುಲೈನಲ್ಲಿ ನಕ್ಷತ್ರದ ನೋಟೆಲ್ಲಾ ಖೋಟಾ ಅಂತ ವಾಟ್ಸಾಪ್‌ನಲ್ಲಿ ಹರಿದಾಡಿ, ಅವು ಸಾಚಾ ಅಂತ ರಿಸರ್ವ್ ಬ್ಯಾಂಕೇ ಹೇಳಬೇಕಾಯ್ತು. ವಿಷಯ ಇಷ್ಟೇ: ನೂರರ ಕಟ್ಟಿನಲ್ಲಿ ಒಂದು ನೋಟು ಕೆಟ್ಟು ಅಚ್ಚಾದ್ರೆ ಅದರ ಬದಲಿಗೆ ಇಡೋದು ಈ ನಕ್ಷತ್ರದ ನೋಟು. 10, 20, 50ರಲ್ಲಿ 2006ರಿಂದಲೇ ಇದೆ, 500ಕ್ಕೆ 2016ರಲ್ಲಿ ಬಂತು.

ಆ ವದಂತಿಯ ಬಿಸಿ ಇನ್ನೂ ಆರಿಲ್ಲ. ಈಚೆಗೆ ಭದ್ರಾವತಿಯ ಒಂದು ಔಷಧಿ ಅಂಗಡಿಯಲ್ಲಿ ಅಜ್ಜಿಯೊಬ್ಬರು ಐನೂರು ಕೊಟ್ರು. ಅಂಗಡಿಯವರು ನೋಡಿ ವಾಪಸ್ ಕೊಟ್ಟು, "ಇದು ಬ್ಯಾಡಜ್ಜಿ, ಸ್ಟಾರ್ ಇದೆ, ಬೇರೆ ಕೊಡಿ" ಅಂದ್ರು. "ಬೇರೆ ಎಲ್ಲಿಂದ ತರ್ಲಪ್ಪಾ, ಪೆನ್ಷನ್ ದುಡ್ಡು, ಬ್ಯಾಂಕಲ್ಲೇ ಕೊಟ್ಟಿದ್ದು" ಅಂದ್ರು ಅಜ್ಜಿ. ನಾನು ಆ ನೋಟು ಇಸ್ಕೊಂಡು ನನ್ನ ಹತ್ರ ಇದ್ದ ಐದು ನೂರರ ನೋಟು ಕೊಟ್ಟೆ. ಅಜ್ಜಿಗೆ ಮಾತ್ರೆ ಸಿಕ್ತು, ನಿಜ. ಆದ್ರೆ ತನ್ನ ನೋಟೇ ಸರಿ ಇತ್ತು ಅಂತ ಅವರಿಗೆ ಗೊತ್ತಾಯ್ತಾ? ಹತ್ತು ರೂಪಾಯಿ ನಾಣ್ಯದ್ದೂ ಇದೇ ಪಾಡು. ಹದಿನಾಲ್ಕು ವಿನ್ಯಾಸದವೂ ಚಲಾವಣೆಯಲ್ಲಿವೆ ಅಂತ 2018ರ ಜನವರಿಯಲ್ಲೇ ಹೇಳಿದ್ರೂ ಮುಖ ಸಿಂಡರಿಸೋರು ಇದ್ದೇ ಇದಾರೆ.

ಅಂಗಡಿಯವರನ್ನ ಪೂರ್ತಿ ಬೈಯೋಕೂ ಆಗಲ್ಲ. ಖೋಟಾ ಬಂದ್ರೆ ನಷ್ಟ ಅವರದ್ದೇ. ಅಕ್ಷರ, ನಕ್ಷತ್ರ ಇದ್ದ ಮಾತ್ರಕ್ಕೆ ನೋಟು ಅಸಲಿ ಅಂತಾನೂ ಅಲ್ಲ, ಖೋಟಾ ಮಾಡೋನು ಅವನ್ನೂ ಅಚ್ಚು ಹಾಕಬಹುದು. ಅಸಲಿಯೋ ಅಲ್ವೋ ನೋಡೋಕೆ ಬೇರೆ ದಾರಿ ಇದೆ. ಐನೂರರ ನೋಟನ್ನು ಓರೆ ಮಾಡಿದ್ರೆ ಅದರ ಎಳೆ ಹಸಿರಿನಿಂದ ನೀಲಿಗೆ ತಿರುಗುತ್ತೆ, ಬೆಳಕಿಗೆ ಹಿಡಿದ್ರೆ ಗಾಂಧಿ ಕಾಣ್ತಾರೆ, ಎರಡೂ ಅಂಚಿನ ಐದೈದು ಗೀರು ಬೆರಳಿಗೆ ಸಿಗುತ್ತೆ. ಇವೆಲ್ಲಾ ಸರಿ ಇದ್ದು ಅಕ್ಷರ ಮಾತ್ರ ಬೇರೆ ಇದ್ರೆ ಹೆದರಬೇಕಾಗಿಲ್ಲ.

ಇನ್ನೊಂದು ಕಾಯಿಲೆ ಅಂದ್ರೆ ಆಸೆ. "ಟ್ರ್ಯಾಕ್ಟರ್ ಇರೋ ಐದು ರೂಪಾಯಿ ನೋಟಿಗೆ ಲಕ್ಷ", "786 ನಂಬರಿದ್ರೆ ಅದೃಷ್ಟ ಖುಲಾಯಿಸ್ತು"! ನಂಬಿ ಫೋನ್ ಮಾಡಿದ್ರೆ ಮೊದಲು ಕಮಿಷನ್ ಕಟ್ಟಿ ಅಂತಾರೆ. ತನ್ನ ಹೆಸರಲ್ಲಿ ಹೀಗೆ ಮೋಸ ನಡೀತಿದೆ ಅಂತ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಎಚ್ಚರಿಸಿತ್ತು. ಅಪರೂಪ ಅನ್ನೋದೇ ಬೆಲೆ ಅಲ್ಲ ಸ್ವಾಮಿ, ಕೊಳ್ಳೋನು ಒಬ್ಬ ಬೇಕು, ನೋಟಿನ ಸ್ಥಿತಿ ಚೆನ್ನಾಗಿರಬೇಕು. ಹಳೇ 500, 1000ದ ನೋಟನ್ನಂತೂ 2017ರ ಕಾನೂನಿನ ಪ್ರಕಾರ ಹತ್ತಕ್ಕಿಂತ ಹೆಚ್ಚು ಇಟ್ಕೊಳ್ಳೋ ಹಾಗಿಲ್ಲ, ಅಧ್ಯಯನ, ಸಂಗ್ರಹಕ್ಕಾದ್ರೆ ಇಪ್ಪತ್ತೈದು.

ನೋಟಿನ ಹಿಂಬದಿಯ ಭಾಷಾ ಪಟ್ಟಿಯಲ್ಲಿ ನಾಲ್ಕನೇ ಸಾಲು ಕನ್ನಡದ್ದು. ನೋಟು ಅಚ್ಚಾಗೋದು ನಮ್ಮ ಮೈಸೂರಿನಲ್ಲಿ. ಆದ್ರೆ ನೋಟಿನ ಬಗ್ಗೆ ಕನ್ನಡದಲ್ಲಿ ಹುಡುಕಿದ್ರೆ ನನಗೆ ಎದುರಾಗೋದು ಬಹುಪಾಲು "ಈ ನೋಟಿದ್ರೆ ಕೋಟ್ಯಧಿಪತಿ" ಅನ್ನೋ ವಿಡಿಯೋಗಳೇ. ಬ್ಲಾಗ್ ಬರೆಯೋ ಗೆಳೆಯರೇ, ನಿಮ್ಮಲ್ಲಿ ಯಾರಿಗಾದ್ರೂ ಈ ಹುಚ್ಚಿದ್ರೆ ಬೆಲೆ ಪಟ್ಟಿ ಬೇಡ, ಕಂಡಿದ್ದನ್ನ ಬರೀರಿ: ಮುಖಬೆಲೆ, ಇಸವಿ, ಸಹಿ, ಅಕ್ಷರ. ಈ ವಾರ ನನ್ನ ಕೈಗೆ ಬಂದ ಹತ್ತರ ನೋಟುಗಳಿಂದ ನಾನು ಶುರು ಮಾಡ್ತಿದೀನಿ. ಐವತ್ತರ ನೋಟು ಯಾರು ವಹಿಸ್ಕೊಳ್ತೀರಿ?