ಕಾಯುವುದನ್ನು ಬಚ್ಚಿಡಬೇಡಿ

“ಮಕ್ಕಳಿಲ್ಲ, ಮರಿ ಇಲ್ಲ. ದುಡಿಯೂದು, ಫಾರಿನ್ ತಿರಗೂದು. ಆರಾಮ ಅದೀರಿ ಬಿಡಪಾ!” ನಾವು ವಿಯೆಟ್ನಾಂ ನೋಡಿ ಬಂದಾಗ ಹುಬ್ಬಳ್ಳಿಯ ಸೋದರತ್ತೆ ಹೀಗೆಂದರು. ನಕ್ಕು ಸುಮ್ಮನಾದೆವು.

ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ಸರದಿಯಲ್ಲಿ ನಮ್ಮ ಹೆಸರು ಸೇರಿ ಆಗಲೇ ಎರಡು ವರ್ಷವಾಗಿತ್ತು. ಸಮಾಜ ಕಾರ್ಯಕರ್ತೆಯೊಬ್ಬರು ಕಳವಾದ ನಮ್ಮ ಮನೆಗೆ ಬಂದು ಆದಾಯ, ಆರೋಗ್ಯ, ಗಂಡ-ಹೆಂಡಿರ ಹೊಂದಾಣಿಕೆ ಎಲ್ಲ ವಿಚಾರಿಸಿ ವರದಿ ಬರೆದಿದ್ದರು. ಆಮೇಲೆ ಉಳಿದದ್ದು ಕಾಯುವುದೊಂದೇ. ಖಾಲಿ ಕೋಣೆ ನೋಡುತ್ತ ಕೂರಲಾಗದೆ ವಿಮಾನ ಹತ್ತಿದವರು ನಾವು. ಮಗುವಿನ ವಿವರ ಬಂದರೆ 48 ಗಂಟೆಯೊಳಗೆ ಪೋರ್ಟಲ್‌ನಲ್ಲಿ ಕಾಯ್ದಿರಿಸಬೇಕು. ಹಾಗಾಗಿ ಹನೋಯ್‌ನ ಕೆರೆ ದಂಡೆಯಲ್ಲೂ ರೋಮಿಂಗ್ ಹಾಕಿಸಿಕೊಂಡು ಫೋನನ್ನೇ ನೋಡುತ್ತಿದ್ದೆವು. ಕೊನೆಗೆ ಆ ಸಂದೇಶ ಬಂದದ್ದು ಐರೋಲಿಯ ಆಫೀಸು ಮುಗಿಸಿ ಕಳವಾ ಸ್ಟೇಷನ್ನಿನಲ್ಲಿ ಇಳಿದಾಗ.

ಈಗ ಅನ್ನಿಸುತ್ತದೆ, ಅತ್ತೆಯದು ತಪ್ಪಲ್ಲ, ಬಚ್ಚಿಟ್ಟವರು ನಾವು. ‘ಯಾರ ಕೂಸೋ ಏನೋ’ ಎಂಬ ಮಾತಿಗೆ ಹೆದರಿದ್ದೆವು. ಕಾಯುವಾಗ ಗುಟ್ಟು ಮಾಡಿದರೆ ಮಗು ಬಂದ ಮೇಲೂ ಮನೆಯಲ್ಲಿ ಪಿಸುಮಾತು ಉಳಿಯುತ್ತದೆ. ಅದನ್ನು ಕೇಳಿಸಿಕೊಂಡು ಬೆಳೆಯಬೇಕಾದವಳು ಮಗಳು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಯೇ ಕೊಡುತ್ತಾರೆ. ಆದರೆ ಬಂಧುಗಳ ಮುಂದೆ ಬಾಯಿ ಬಿಡುವ ಕೆಲಸ ನಮ್ಮದೇ.

ಸರದಿಯಲ್ಲಿರುವವರೇ, ಧಾರಾಳವಾಗಿ ಪ್ರವಾಸ ಹೋಗಿ. ಯಾರಿಗಾಗಿ ಕಾಯುತ್ತಿದ್ದೀರೆಂದೂ ಹೇಳಿ. ಹನೋಯ್ ಫೋಟೊ ತೋರಿಸಿ ನಾವು ಮಗಳಿಗೆ ಹೇಳುವುದಿಷ್ಟೇ: “ಇಲ್ಲಿ ನಿನ್ನ ದಾರಿ ಕಾಯಾಕತ್ತಿದ್ವಿ.” ಈಗ ಅತ್ತೆಯೂ ಅದೇ ಕತೆ ಹೇಳಿ ಅವಳಿಗೆ ಉಣ್ಣಿಸುತ್ತಾರೆ.